ಎಂ.ಎಸ್.ಡಬ್ಲ್ಯೂ. ಓದುವ ಮಕ್ಕಳ ಕ್ಷೇತ್ರಕಾರ್ಯ

ಹವಲ್ಲಿಯ ನಮ್ಮ ಮನೆಗಳಿಂದ ಮಂಗಳೂರಿಗೆ ಹೋಗಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಸೇರಿದ ಮಕ್ಕಳು ಶುಕ್ರವಾರದ ಫೋನಿನಲ್ಲಿ ಹೇಳುವ ಮೊದಲ ದೂರು, "ಅಮ್ಮಾ, ಆಸ್ಪತ್ರೆಯಲ್ಲಿ ಸುಮ್ಮನೆ ಬೆಂಚಿನ ಮೇಲೆ ಕೂರಿಸಿದ್ದಾರೆ." ಇದಕ್ಕಾಗಿಯೇ ಫೀಸು ಕಟ್ಟಿದೆವಾ ಎಂದು ನಮಗೂ ಅನಿಸುತ್ತದೆ. ಬೇಸರಪಡಬೇಡಿ, ಮೊದಲ ಕೆಲವು ವಾರ ನೋಡುವುದೇ ಕೆಲಸ.

1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯದಂತಹ ಸಂಸ್ಥೆಗಳಲ್ಲಿ ಕ್ಷೇತ್ರಕಾರ್ಯಕ್ಕೂ ತರಗತಿಯಷ್ಟೇ ತೂಕ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಆಸ್ಪತ್ರೆ, ಶಾಲೆ ಅಥವಾ ಸೇವಾಸಂಸ್ಥೆಯಲ್ಲಿ ಕೆಲಸ. ನಡುವೆ ಗ್ರಾಮೀಣ ಶಿಬಿರ. ಕೊನೆಗೆ ಸುಮಾರು ಒಂದು ತಿಂಗಳ ಪೂರ್ಣಾವಧಿ ತರಬೇತಿ. ಕಂಡದ್ದು, ಆಡಿದ ಮಾತು, ತನಗೆ ಅನಿಸಿದ್ದು ಎಲ್ಲವನ್ನೂ ವರದಿಯಾಗಿ ಬರೆಯಬೇಕು. ಮಾರ್ಗದರ್ಶಕರು ಅದನ್ನು ಓದಿ, ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಆ ಸಮಯ ಸಿಗದಿದ್ದರೆ ಮಕ್ಕಳೇ ಕೇಳಿ ಪಡೆಯಬೇಕು. ನಿಜವಾದ ಕಲಿಕೆ ಅಲ್ಲಿದೆ.

ನಮ್ಮವರ ಮಗಳೊಬ್ಬಳು ಬಡ ರೋಗಿಯೊಬ್ಬರಿಗಾಗಿ ಹಣ ಕಳಿಸಿ ಎಂದಳು. ನಾವು ಕೂಡಿಸಲು ಹೊರಟೂ ಆಗಿತ್ತು (ಗಲ್ಫಿನವರ ಕೈ ಬೇಗ ಬಿಚ್ಚುತ್ತದಲ್ಲ!). ಮಾರ್ಗದರ್ಶಕರು ತಡೆದು, "ಅವರ ಬಿ.ಪಿ.ಎಲ್. ಕಾರ್ಡ್ ನೋಡಿದೆಯಾ?" ಎಂದರಂತೆ. ನೋಡಿರಲಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂತಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರಕ್ಕಾಗಿ ಆಕೆ ರೋಗಿಯ ಮಗನೊಂದಿಗೆ ಎರಡು ದಿನ ಓಡಾಡಿದಳು. ಪತ್ರ ಸಿಕ್ಕಿತು.

ಮುಂದಿನ ಶುಕ್ರವಾರ ಆ ರೋಗಿಯ ಹೆಸರು, ಊರು ಕೇಳಿದೆವು. ಅದನ್ನೆಲ್ಲ ಹೊರಗೆ ಹೇಳುವಂತಿಲ್ಲ ಎಂದಳು.