ಜೇಬಿನ ಕ್ಯಾಮೆರಾವೋ, ಉದ್ದ ಜೂಮಿನದೋ?

ಕ್ಯಾಮೆರಾ ಕೊಳ್ಳುವಾಗ ‘ಜೂಮ್ ಎಷ್ಟು ಪಟ್ಟು?’ ಎಂದು ಅಂಗಡಿಯವರನ್ನು ಕೇಳುವ ಮುನ್ನ ‘ನಾನು ತೆಗೆಯುವುದು ಏನನ್ನು?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಒಳಗಿನ ಮಬ್ಬು, ಧಾರವಾಡದ ಸಂಜೆಯ ಸಂಗೀತ ಬೈಠಕ್, ಮನೆಯ ಮದುವೆ: ಇವಕ್ಕೆ ಜೇಬಿನ ಕ್ಯಾಮೆರಾ ಒಳ್ಳೆಯದು. 2012ರ ಸೋನಿ ಆರ್‌ಎಕ್ಸ್100 ತೂಗುವುದು ಸುಮಾರು 240 ಗ್ರಾಂ. ಆದರೆ ಬೆಳಕು ಹಿಡಿಯುವ ಅದರ ಸೆನ್ಸರ್‌ನ ವಿಸ್ತೀರ್ಣ ಉದ್ದ ಜೂಮಿನ ನಿಕಾನ್ ಪಿ1000 ಎಂಬ ದೊಡ್ಡ ಸೂಪರ್‌ಜೂಮ್‌ನದಕ್ಕಿಂತ ಸುಮಾರು ನಾಲ್ಕು ಪಟ್ಟು. ಬೆಳಕು ಕಡಿಮೆಯಾದಾಗ ಗೆಲ್ಲುವುದು ಈ ದೊಡ್ಡ ಸೆನ್ಸರೇ.

ಧಾರವಾಡದ ಕೆಲಗೇರಿ ಕೆರೆಯ ನಡುವಿನ ಹಕ್ಕಿ, ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ನಿಮ್ಮ ಗುರಿಯಾದರೆ ಸೂಪರ್‌ಜೂಮ್ ಬೇಕು. ಪಿ1000ರ ಜೂಮ್ 24ರಿಂದ 3000 ಮಿ.ಮೀ.ವರೆಗೆ, ಅಂದರೆ 125 ಪಟ್ಟು ಹಿಗ್ಗುತ್ತದೆ. ತೂಕ ಮಾತ್ರ 1.4 ಕಿಲೋ! ಪೂರ್ತಿ ಹಿಗ್ಗಿಸಿದಾಗ ಒಳಗೆ ಬರುವ ಬೆಳಕು ಕಡಿಮೆ, ಕೈನಡುಕ ಹೆಚ್ಚು, ಸ್ಟ್ಯಾಂಡ್ ಇರಲಿ. ಮಧ್ಯಾಹ್ನ ಬಿಸಿಗಾಳಿ ಚಿತ್ರವನ್ನು ಅಲುಗಿಸುತ್ತದೆ, ಬೆಳಗ್ಗೆಯೇ ಹೋಗಿ.

ಹಳೆಯದನ್ನು ಕೊಳ್ಳುವವರು ಜೂಮನ್ನು ಕೊನೆಯವರೆಗೆ ಚಾಚಿ, ಮಡಚಿ ನೋಡಿ. ಗರಗರ ಸದ್ದು ಬಂದರೆ, ಲೆನ್ಸಿನೊಳಗೆ ದೂಳು ಕಂಡರೆ ಬಿಟ್ಟುಬಿಡಿ.

ಕೈಯಲ್ಲಿ ಒಳ್ಳೆಯ ಮೊಬೈಲ್ ಇದ್ದವರಿಗೆ ಜೇಬಿನ ಕ್ಯಾಮೆರಾದಿಂದ ಸಿಗುವ ಹೆಚ್ಚುಗಾರಿಕೆ ಅಷ್ಟಕ್ಕಷ್ಟೇ. ಅಂಥವರು ಹಕ್ಕಿಯ ಹುಚ್ಚಿದ್ದರೆ ಸೂಪರ್‌ಜೂಮ್ ತಗೊಳ್ರಿ. ಇಲ್ಲದಿದ್ದರೆ ದುಡ್ಡು ಉಳಿಸ್ರಿ.