ಮೊದಲ ಗುಟುಕಿಗೆ ಮುಂಚೆ

ತಾಳವಾಡಿಯಲ್ಲಿ ನರ್ಸ್ ಕೆಲಸಕ್ಕೆ ಸೇರುತ್ತಿರುವ ಮಗಳೇ,

ನಮ್ಮ ಬೆಟ್ಟದ ಕಡೆ ರಾಗಿ ಮುದ್ದೆಯನ್ನು ಅಗಿಯುವವರಿಲ್ಲ, ಸಾರಿನಲ್ಲಿ ಅದ್ದಿ ನುಂಗುವವರೇ ಎಲ್ಲ. ಲಕ್ವ ಹೊಡೆದವರನ್ನು ಕರೆತಂದ ಮನೆಯವರು, ಬೆಳಗಿನಿಂದ ಹೊಟ್ಟೆಗೇನೂ ಇಲ್ಲವಲ್ಲ ಎಂದು ಮರುಗಿ ಮೊದಲು ನೀರು ಕುಡಿಸುತ್ತಾರೆ, ಆಮೇಲೆ ತುತ್ತು ಇಡುತ್ತಾರೆ. ಅದನ್ನು ತಡೆಯಬೇಕಾದವಳು ನೀನು. ನುಂಗುವುದು ಸರಿಯಿದೆಯೇ ಎಂದು ನೋಡುವ ತನಕ ಬಾಯಿಗೆ ಏನೂ ಬೇಡ. ನೀರು ಬೇಡ, ಮಾತ್ರೆಯೂ ಬೇಡ. ಗದರಬೇಡ, ಕಾರಣ ಹೇಳು.

ಲಕ್ವ ಆದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಮೊದಮೊದಲು ನುಂಗುವುದು ಕಷ್ಟ. ನುಂಗುವ ಕ್ಷಣ ಉಸಿರು ನಿಂತು, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ನೀರು ತೆಳ್ಳಗಿದ್ದು ಬೇಗ ಇಳಿಯುವುದರಿಂದ ಸೋತ ಸ್ನಾಯುಗಳು ಮುಚ್ಚಿಕೊಳ್ಳುವಷ್ಟರಲ್ಲಿ ಒಳಗೆ ಜಾರಿರುತ್ತದೆ. ಕೆಮ್ಮಿದರೆ ನೆತ್ತಿಗೆ ಹತ್ತಿತು ಎಂದು ತಲೆ ತಟ್ಟುತ್ತಾರೆ. ನನಗೆ ಹೆಚ್ಚು ಭಯ ಕೆಮ್ಮದವರದು. ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಸಿಕೊಂಡು, ಆಮೇಲೆ ಜ್ವರ, ನ್ಯುಮೋನಿಯಾ ಎಂದು ಮಲಗುತ್ತಾರೆ. ಪೂರ್ತಿ ಎಚ್ಚರವಿದ್ದರೆ ಮಾತ್ರ ನೆಟ್ಟಗೆ ಕೂರಿಸಿ, ಬಾಯಿ ಶುಚಿ ಮಾಡಿ, ಒಂದೊಂದೇ ಚಮಚ ನೀರು ಕೊಟ್ಟು ನೋಡು. ಪ್ರತಿ ಸಲವೂ 'ಆ' ಅನ್ನಿಸು. ದನಿ ಗೊರಗೊರ ಎಂದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತಿಳಿಸು. ಬಯಲಿನಿಂದ ಬಂದ ತಮಿಳು ನರ್ಸ್ ಗೆಳತಿಯರಿಗೂ 'ನುಂಗವ್ವ', 'ಕೆಮ್ಮವ್ವ' ಅನ್ನುವುದನ್ನು ಕಲಿಸು. ಅರ್ಥವಾಗದ ಮಾತಿಗೆ ಅಜ್ಜಿ ಸುಮ್ಮನಿದ್ದರೆ ಅದನ್ನು ಕಾಯಿಲೆ ಎಂದು ಬರೆದುಬಿಟ್ಟಾರು.

ಇದೇನು ನರ್ಸ್ ಕೆಲಸವೇ ಎಂದು ಯಾರಾದರೂ ಅಂದರೆ ಆಸ್ಟ್ರೇಲಿಯಾದ ಮಾತು ಹೇಳು. ಅಲ್ಲಿನ 19 ಸ್ಟ್ರೋಕ್ (ಲಕ್ವ) ಘಟಕಗಳಲ್ಲಿ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಜ್ವರ, ಸಕ್ಕರೆ, ನುಂಗುವಿಕೆ ಮೂರನ್ನೂ ನರ್ಸ್‌ಗಳು ಕ್ರಮವಾಗಿ ನೋಡಿಕೊಂಡ ಕಡೆ, 90 ದಿನಗಳ ಹೊತ್ತಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ನೂರಕ್ಕೆ 42. ಉಳಿದ ಕಡೆ 58. ಔಷಧಿಯ ಅಂಗಡಿಯಲ್ಲಿ ಸಿಗದ ಲಾಭ ಇದು.

ರೋಗಿಯನ್ನು ದಿಂಬಂ ಘಾಟಿಯ 27 ತಿರುವು ಇಳಿಸಿ ಸತ್ಯಮಂಗಲಕ್ಕೆ ಕಳಿಸಲಿ, ಚಾಮರಾಜನಗರಕ್ಕೆ ಕಳಿಸಲಿ, ಚೀಟಿಯಲ್ಲಿ 'ಬಾಯಿಗೆ ಏನೂ ಕೊಡಬಾರದು' ಎಂದು ಬರೆ, ಜೊತೆಗೆ ಹೋಗುವವರಿಗೂ ಬಾಯಿಬಿಟ್ಟು ಹೇಳು. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದವರಿಗೆ ಗಾಳಿ ಊದಿ ಸದ್ದು ಕೇಳಿದ್ದಷ್ಟಕ್ಕೇ ನಂಬಿ ಗಂಜಿ ಬಿಡಬೇಡ. ಹೊಟ್ಟೆಯ ಆಮ್ಲವನ್ನೋ ಎಕ್ಸ್‌ರೇಯನ್ನೋ ನೋಡಿಯೇ ಮೊದಲ ಬಾರಿ ಬಿಡಬೇಕು. ತೊಂದರೆ ಉಳಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಮಾತಿನ ಜೊತೆ ನುಂಗುವಿಕೆಗೂ ಅಲ್ಲಿ ಚಿಕಿತ್ಸೆ ಉಂಟು.

ಮನೆಗೆ ಕಳಿಸುವ ಮುಂಚೆ ಸೊಸೆಯ ಕೈಗೇ ಚಮಚ ಕೊಟ್ಟು ಪಕ್ಕದಲ್ಲಿ ನಿಲ್ಲು. ಮುದ್ದೆಯ ಬದಲು ಗಂಟಿಲ್ಲದ ರಾಗಿ ಗಂಜಿ, ಎಷ್ಟು ದಪ್ಪ ಎಂಬುದು ಅವರವರ ಗಂಟಲಿಗೆ ತಕ್ಕಂತೆ. ಕತ್ತು ಹಿಂದಕ್ಕೆ ಬಾಗಿಸಿ ಸುರಿಯಲು ಹೋದರೆ ತಿದ್ದು. ಸೋತ ಕಡೆಯ ಕೆನ್ನೆಯೊಳಗೆ ತುತ್ತು ಉಳಿದಿದೆಯೇ ಎಂದು ಅವಳೇ ನೋಡಲಿ. ಉಂಡ ಮೇಲೆ ಅರ್ಧ ಗಂಟೆ ಮಾವನವರನ್ನು ಮಲಗಿಸಬಾರದು ಎಂಬುದನ್ನು ಅವಳ ಬಾಯಿಂದಲೇ ಹೇಳಿಸು.