ನಾವು ಕಂಪ್ಯೂಟರ್ ಜೋಡಿಸಿದ್ದು, ನಾನು ಕಲಿತ ಪಾಠ



ಕಂಪ್ಯೂಟರಿಗೆ ಕನ್ನಡದಲ್ಲಿ ಗಣಕಯಂತ್ರ ಎನ್ನುತ್ತಾರೆ. ಅದನ್ನು ದೊಡ್ಡ ಕಾರ್ಖಾನೆಯಲ್ಲಿ ಮಾತ್ರ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ಆದರೆ ಸಂಕ್ರಾಂತಿ ಆದ ಮೇಲಿನ ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲೇ ನಾವು ಒಂದು ಕಂಪ್ಯೂಟರ್ ಜೋಡಿಸಿದೆವು. ಅದರಿಂದ ಕಲಿತದ್ದನ್ನು ಈ ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನನ್ನ ತಪ್ಪನ್ನೂ ಮುಚ್ಚಿಡದೆ ಬರೆದಿದ್ದೇನೆ.

ನಮ್ಮ ಅಕ್ಕ ಡಿಪ್ಲೊಮಾದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ. ಮನೆಯಲ್ಲಿ ಅಭ್ಯಾಸ ಮಾಡಲು ಕಂಪ್ಯೂಟರ್ ಇರಲಿಲ್ಲ. ಹೊಸದು ಕೊಳ್ಳುವಷ್ಟು ದುಡ್ಡೂ ಇರಲಿಲ್ಲ. ಅಮ್ಮ ಡೇರಿಗೆ ಹಾಲು ಹಾಕಿ ಕೂಡಿಟ್ಟಿದ್ದು 12,000 ರೂಪಾಯಿ. ನಮ್ಮ ಮಾವ ತಾಲ್ಲೂಕಿನಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದಾರೆ. ಅವರು, "ಬಿಡಿ ಭಾಗ ತಂದು ನಾವೇ ಜೋಡ್ಸೋಣ, ಇಷ್ಟರಲ್ಲೇ ಆಗುತ್ತೆ" ಅಂದರು. ಅಕ್ಕನೂ ಮಾವನೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಒಂದಿಷ್ಟು ಹೊಸ ಸಾಮಾನು, ಒಂದಿಷ್ಟು ಹಳೇ ಸಾಮಾನು ತಂದರು. ಅಲ್ಲಿ ಸಾಲಾಗಿ ಕಂಪ್ಯೂಟರ್ ಭಾಗಗಳ ಅಂಗಡಿಗಳೇ ಇವೆ. ಹಳೇ ಸಾಮಾನಿಗೆ ಅಂಗಡಿಯವರು ಕೊಟ್ಟ ಗಡುವು ಒಂದು ವಾರ. ಕೆಟ್ಟಿದ್ದರೆ ಬದಲಾಯಿಸಿ ಕೊಡುತ್ತಾರೆ, ಆದರೆ ನಾವು ಪಿನ್ನು ಬಗ್ಗಿಸಿದರೆ ಕೊಡುವುದಿಲ್ಲ.

ಯಾವ ಭಾಗ ಏನು ಮಾಡುತ್ತದೆ?

1. ಪ್ರೊಸೆಸರ್: ಲೆಕ್ಕ ಮಾಡುವುದು ಇದೇ. ನಮ್ಮ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಚಿಕ್ಕದು. ನಾವು ತಂದದ್ದು 2013ರಲ್ಲಿ ಬಂದ ಇಂಟೆಲ್ ಮಾದರಿಯದು. ಅದು ಕೂರುವ ಜಾಗದಲ್ಲಿ ಕೂದಲಿನಂಥ 1150 ಪಿನ್ನುಗಳಿವೆ. ಮೂಲೆಯ ಚಿನ್ನದ ಬಣ್ಣದ ತ್ರಿಕೋನಕ್ಕೆ ಬೋರ್ಡಿನ ಗುರುತು ಹೊಂದಿಸಿ, ಒತ್ತದೆ ಮೆಲ್ಲಗೆ ಇಡಬೇಕು.

2. ಮದರ್‌ಬೋರ್ಡ್: ಎಲ್ಲ ಭಾಗಗಳನ್ನೂ ಸೇರಿಸುವ ಹಲಗೆ. ನಮ್ಮೂರಿನ ದಾರಿಗಳೆಲ್ಲ ಅರಳಿಕಟ್ಟೆಗೆ ಬಂದು ಸೇರುವಂತೆ ವೈರುಗಳೆಲ್ಲ ಇಲ್ಲಿಗೇ ಬರುತ್ತವೆ.

3. ರ‍್ಯಾಮ್ ಮತ್ತು ಎಸ್.ಎಸ್.ಡಿ.: ಇವೆರಡೂ ನೆನಪಿನ ಭಾಗಗಳು. ರ‍್ಯಾಮ್ ನಮ್ಮ ತರಗತಿಯ ಕಪ್ಪು ಹಲಗೆ ಇದ್ದಂತೆ. ಬರೆಯುತ್ತಾರೆ, ಅಳಿಸುತ್ತಾರೆ. ಕರೆಂಟು ಹೋದರೆ ಎಲ್ಲವೂ ಅಳಿಸಿಹೋಗುತ್ತದೆ. ಎಸ್.ಎಸ್.ಡಿ. ನಮ್ಮ ನೋಟ್‌ಬುಕ್ ಇದ್ದಂತೆ. ಕರೆಂಟು ಹೋದರೂ ಬರೆದದ್ದು ಉಳಿಯುತ್ತದೆ.

4. ಎಸ್.ಎಂ.ಪಿ.ಎಸ್.: ಗೋಡೆಯ 230 ವೋಲ್ಟಿನ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆ. ಎಚ್ಚರಿಕೆ! ಇದರ ಮುಚ್ಚಳವನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಉಳಿದಿರಬಹುದು.

5. ಬಟನ್ ಸೆಲ್: ಕಂಪ್ಯೂಟರ್ ಆಫ್ ಆಗಿದ್ದಾಗಲೂ ಗಡಿಯಾರ ನಡೆಸುವುದು ಇದು. ಇದರ ಹೆಸರು ಸಿ.ಆರ್. 2032. ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಹೆಸರಿನಲ್ಲೇ ಅಳತೆ ಇದೆ, ನೋಡಿ!

ಬೇರೆ ಬೇರೆ ಕಂಪನಿಯ ಭಾಗಗಳು ಒಂದಕ್ಕೊಂದು ಹೇಗೆ ಕೂರುತ್ತವೆ ಎಂದು ನನಗೆ ಆಶ್ಚರ್ಯವಾಯಿತು. ಮಾವ ಹೇಳಿದರು. 1981ರಲ್ಲಿ ಐ.ಬಿ.ಎಂ. ಕಂಪನಿ ತನ್ನ ಪಿ.ಸಿ. ಎಂಬ ಕಂಪ್ಯೂಟರನ್ನು ಬೇರೆಯವರೂ ಭಾಗ ಮಾಡಿ ಸೇರಿಸುವ ಹಾಗೆ ತಯಾರಿಸಿತು. 1995ರಲ್ಲಿ ಇಂಟೆಲ್ ಕಂಪನಿ ಎ.ಟಿ.ಎಕ್ಸ್. ಎಂಬ ಅಳತೆ ಗೊತ್ತುಮಾಡಿತು. ಸ್ಕ್ರೂ ತೂತು ಎಲ್ಲಿ ಇರಬೇಕು ಎಂಬುದು ಕೂಡ ಅದರಲ್ಲಿ ಇದೆ. 1981ರ ಆ ಪಿ.ಸಿ.ಯ ಅತಿ ಕಡಿಮೆ ಬೆಲೆಯ ಮಾದರಿಗೆ ಇದ್ದ ನೆನಪು 16 ಕಿಲೋಬೈಟ್. ನಮ್ಮದಕ್ಕೆ 8 ಗಿಗಾಬೈಟ್. ನಾನು ಲೆಕ್ಕ ಮಾಡಿ ನೋಡಿದೆ, 5,24,288 ಪಟ್ಟು ಹೆಚ್ಚು! (8 × 1024 × 1024 ÷ 16. ನೀವೂ ಮಾಡಿ ನೋಡಿ.)

ಈಗ ಜೋಡಿಸಿದ ಕಥೆಗೆ ಬರುತ್ತೇನೆ.

ಮಾವ ಒಂದು ಹಾಳೆಯಲ್ಲಿ 14 ಕೆಲಸಗಳನ್ನು ಬರೆದು ನನ್ನ ಕೈಗೆ ಕೊಟ್ಟರು. "ನೀನು ಒಂದೊಂದೇ ಓದು. ನಾವು ಮಾಡ್ತೀವಿ. ಆಗಿದೆಯಾ ಅಂತ ನೋಡಿ ಟಿಕ್ ಹಾಕು" ಅಂದರು. ನನಗೆ ಬಹಳ ಹೆಮ್ಮೆಯಾಯಿತು. ಮೊದಲು ಎಲ್ಲರೂ ಡಬ್ಬದ ಬರಿ ಕಬ್ಬಿಣ ಮುಟ್ಟಿದೆವು. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಸೂಕ್ಷ್ಮ ಭಾಗಗಳನ್ನು ಕೆಡಿಸದಿರಲಿ ಎಂದು ಹೀಗೆ ಮಾಡಬೇಕು. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುವ ಪ್ರಯೋಗ ಮಾಡಿದ್ದೆವಲ್ಲ, ಅದೇ ವಿದ್ಯುತ್ತು ಇದು. ಅಕ್ಕ ಪ್ರೊಸೆಸರ್ ಕೂರಿಸಿದಳು. ಅದು ಬಿಸಿಯಾಗುತ್ತದೆ, ಅದಕ್ಕೆ ಮೇಲೆ ತೊಗರಿ ಕಾಳಿನಷ್ಟು ಬಿಳಿ ಪೇಸ್ಟ್ ಹಾಕಿ ಫ್ಯಾನು ಕೂರಿಸಿದರು. ಪೇಸ್ಟ್ ಹಾಕದಿದ್ದರೆ ನಡುವೆ ಗಾಳಿ ಉಳಿದು ಬಿಸಿ ಸರಿಯಾಗಿ ಮೇಲೆ ದಾಟುವುದಿಲ್ಲ.

9ನೇ ಕೆಲಸ ಹೀಗಿತ್ತು: "ಪ್ರೊಸೆಸರಿಗೆ ಕರೆಂಟು ಕೊಡುವ 4 ಪಿನ್ನಿನ ವೈರು." ಅದೇ ಹೊತ್ತಿಗೆ ಮಾವನಿಗೆ ಗಿರಾಕಿಯ ಫೋನು ಬಂತು. ಅವರು ಹೊರಗೆ ಹೋದರು. ಆ ವೈರು ಬೋರ್ಡಿನ ಹಿಂದೆ ಅಡಗಿತ್ತು. ಬೇಗ ಮುಗಿಸಬೇಕು ಎಂಬ ಆಸೆಯಲ್ಲಿ, ಮಾವ ಆಗಲೇ ಹಾಕಿರುತ್ತಾರೆ ಎಂದುಕೊಂಡು, ನಾನು ನೋಡದೆಯೇ ಟಿಕ್ ಹಾಕಿಬಿಟ್ಟೆ. ಅವರು ಬಂದ ಮೇಲೆ 10ನೆಯದನ್ನು ಓದಿದೆ.

ಸಂಜೆ ಆರಕ್ಕೆ ಸ್ವಿಚ್ ಹಾಕಿದೆವು. ಫ್ಯಾನು ಗಿರ್ರೆಂದು ತಿರುಗಿತು. ದೀಪವೂ ಹತ್ತಿತು. ಆದರೆ ಪರದೆ ಮಾತ್ರ ಕಪ್ಪಗೇ ಇತ್ತು. ಮಾವ ಕರೆಂಟು ತೆಗೆದು ರ‍್ಯಾಮ್ ಕಿತ್ತು, ನನ್ನ ಕಂಪಾಸ್ ಬಾಕ್ಸಿನ ರಬ್ಬರಿನಿಂದ ಅದರ ಹಳದಿ ಅಂಚನ್ನು ಉಜ್ಜಿ ಮತ್ತೆ ಹಾಕಿದರು. ಬರಲಿಲ್ಲ. ಪರದೆಯ ವೈರು ಬದಲಾಯಿಸಿದರು. ಬರಲಿಲ್ಲ. ಕೊನೆಗೆ ನನ್ನ ಹಾಳೆ ಇಸಿದುಕೊಂಡು ನೋಡಿದರು. ಎಲ್ಲಕ್ಕೂ ಟಿಕ್ ಇತ್ತು. "ಅಂಗಡಿಯವನು ಕೆಟ್ಟ ಬೋರ್ಡ್ ಕೊಟ್ಟವ್ನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಕೇಳ್ತೀನಿ" ಅಂದರು. ಅಮ್ಮ ಏನೂ ಮಾತಾಡಲಿಲ್ಲ. ಬಿಂದಿಗೆ ತಗೊಂಡು ಕೊಟ್ಟಿಗೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ರಾತ್ರಿ ನಿದ್ದೆ ಬರಲಿಲ್ಲ. ಮನಸ್ಸಿನಲ್ಲೇ ಒಂದರಿಂದ ಹದಿನಾಲ್ಕರವರೆಗೆ ಎಣಿಸಿದೆ. 9ಕ್ಕೆ ಬಂದಾಗ ಎದೆ ಧಸಕ್ಕೆಂದಿತು. ಆ ವೈರನ್ನು ಹಾಕಿದ್ದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಹೇಳಿದರೆ ಬೈಯುತ್ತಾರೆ. ಹೇಳದಿದ್ದರೆ ಮಾವ ಬೆಂಗಳೂರಿಗೆ ಹೋಗಿ, ತಪ್ಪು ಮಾಡದ ಅಂಗಡಿಯವರ ಹತ್ತಿರ ಜಗಳ ಆಡುತ್ತಾರೆ. ಬೆಳಗಿನ ಜಾವ ಐದಕ್ಕೆ ಮಾವ ಚಪ್ಪಲಿ ಮೆಟ್ಟುತ್ತಿದ್ದಾಗ ಹೋಗಿ, "ಮಾವ, ಒಂಬತ್ತನೇದು ನಾನು ನೋಡಿರ‍್ಲಿಲ್ಲ. ಸುಮ್ನೆ ಟಿಕ್ ಹಾಕ್ದೆ" ಅಂದೆ.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಬ್ಯಾಟರಿ ಬಿಟ್ಟು ನೋಡಿದರೆ ವೈರು ಬೋರ್ಡಿನ ಹಿಂದೆಯೇ ಇತ್ತು! ದೊಡ್ಡ 24 ಪಿನ್ನಿನ ವೈರಿನಿಂದ ಬೋರ್ಡಿಗೂ ಫ್ಯಾನಿಗೂ ಕರೆಂಟು ಹೋಗುತ್ತಿತ್ತು, ಆದ್ದರಿಂದ ಫ್ಯಾನು ತಿರುಗಿತ್ತು. ಪ್ರೊಸೆಸರಿಗೆ ಬೇಕಾದ ಕರೆಂಟು ಈ ಚಿಕ್ಕ ವೈರಿನಿಂದ ಬರಬೇಕು. ಅದಿಲ್ಲದೆ ಲೆಕ್ಕ ಮಾಡುವವನೇ ಎದ್ದಿರಲಿಲ್ಲ. ಮಾವ ಅದನ್ನು ಟಕ್ಕೆಂದು ಕೂರಿಸಿ ಸ್ವಿಚ್ ಹಾಕಿದರು. ಪರದೆಯ ಮೇಲೆ ಬಿಳಿ ಅಕ್ಷರ ಬಂತು. ಅಕ್ಕ ಎದ್ದು ಓಡಿ ಬಂದಳು. ಹಾಲು ಕರೆಯುತ್ತಿದ್ದ ಅಮ್ಮನನ್ನೂ ಕೂಗಿದೆವು.

ಮಾವ ನನ್ನನ್ನು ಹೊಡೆಯಲಿಲ್ಲ. "ನಾನು ನಿನ್ನ ಟಿಕ್ ನಂಬಿದ್ದೆ ಮರಿ. ನೋಡ್ದೇ ಇದ್ರೆ ನೋಡಿಲ್ಲ ಅನ್ನು. ಅದ್ರಲ್ಲಿ ನಾಚ್ಕೆ ಏನಿಲ್ಲ" ಅಂದರು. ಆಮೇಲೆ, "ನಾನೂ ಅಂಗಡಿಯವನ ಮೇಲೆ ಹಾಕೋಕ್ ಮುಂಚೆ ಇನ್ನೊಂದ್ ಸಲ ನೋಡ್ಬೇಕಿತ್ತು" ಅಂತಲೂ ಅಂದರು. ದೊಡ್ಡವರು ಹಾಗೆ ಒಪ್ಪಿಕೊಂಡದ್ದು ನನಗೆ ಬಹಳ ಇಷ್ಟವಾಯಿತು.

ಈಗ ನಮ್ಮ ಕಂಪ್ಯೂಟರಿನಲ್ಲಿ ಉಬುಂಟು ಎಂಬ ಲಿನಕ್ಸ್ ಇದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಉಬುಂಟುವಿನಲ್ಲಿ ಕಗಪ ಎಂಬ ಕನ್ನಡ ಕೀಲಿಮಣೆಯೂ ಇದೆ. ಅಕ್ಕ ಮೊದಲು ಮಾಡಿದ ಕೆಲಸ ಅಮ್ಮನ ಡೇರಿ ಪುಸ್ತಕದ ಲೆಕ್ಕವನ್ನು ಕನ್ನಡದಲ್ಲಿ ಹಾಕಿದ್ದು. ಒಟ್ಟು ಖರ್ಚು 11,400 ರೂಪಾಯಿ ಆಯಿತು. ಉಳಿದ 600 ರೂಪಾಯಿಯನ್ನು ಅಮ್ಮನಿಗೇ ವಾಪಸ್ಸು ಕೊಟ್ಟೆವು.

ನಾನು ಕಲಿತ ಪಾಠಗಳು:

1. ಯಂತ್ರಕ್ಕೆ ಹೆದರಬಾರದು, ಆದರೆ ಅವಸರವೂ ಕೂಡದು.
2. ಕೆಟ್ಟಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.
3. ಮೊದಲು ನಮ್ಮ ಕೆಲಸ ನೋಡಿಕೊಂಡು ಆಮೇಲೆ ಇನ್ನೊಬ್ಬರನ್ನು ದೂರಬೇಕು.
4. ಕಣ್ಣಾರೆ ನೋಡದೆ ಟಿಕ್ ಹಾಕಬಾರದು.

ಗೆಳೆಯರೇ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಹಿರಿಯರು ಹೇಳುತ್ತಾರೆ. ನಾನು ಕಾಣದೆಯೇ ಪ್ರಮಾಣ ಮಾಡಿದ್ದೆ! ಈ ವಾರ ಬಿಸಿಯೂಟದ ಅಕ್ಕಿ ಚೀಲ ಎಣಿಸುವ ಸರದಿ ನನ್ನದು. ಒಂದೊಂದನ್ನೂ ಮುಟ್ಟಿ ಎಣಿಸಿ ಬರೆಯುತ್ತೇನೆ. ಇಷ್ಟು ಹೇಳಿ ನನ್ನ ಲೇಖನ ಮುಗಿಸುತ್ತೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

— 7ನೇ ತರಗತಿ